ಅಹಿಚ್ಛತ್ರದಿಂದ ದಹಿಸರ್‌ವರೆಗೆ

ದಹಿಸರ್ ರೈಲು ನಿಲ್ದಾಣದ ಆಸುಪಾಸಿನ ಯಾವುದೇ ವೈದ್ಯರ ಕೋಣೆಯಲ್ಲಿ ಈ ಸಂಭಾಷಣೆ ನಡೆಯಬಹುದು, ನಡೆಯುತ್ತಲೂ ಇದೆ. ಎದೆಯಲ್ಲಿ ಏನೋ ಭಾರವೆಂದು ಬಂದ ಅರುವತ್ತರ ಅಂಚಿನ ಕನ್ನಡ ಗೃಹಸ್ಥರೊಬ್ಬರನ್ನು ವೈದ್ಯರು ಕೇಳುತ್ತಾರೆ: "ತಂದೆಯವರಿಗೆ ಹೃದಯದ ತೊಂದರೆ ಇತ್ತೆ? ಎಷ್ಟನೆಯ ವಯಸ್ಸಿನಲ್ಲಿ?" ತಂದೆಯವರು ಹೋಟೆಲಿನ ಕೆಲಸ ಬಿಟ್ಟು ಊರು ಸೇರಿದ ಮೇಲೆ ತೀರಿಕೊಂಡರು, ಮುಂಬಯಿಗೆ ಬಂದ ತಂತಿಯಲ್ಲಿ ಕಾರಣ ಬರೆದಿರಲಿಲ್ಲ. ಅಜ್ಜ "ಜ್ವರ ಬಂದು" ಹೋದರಂತೆ. ಯಾವ ಜ್ವರ, ಯಾವ ವರ್ಷ ಎಂಬುದಕ್ಕೆ ಉತ್ತರವಿಲ್ಲ. ಅಜ್ಜಿಯ ತವರು ಯಾವುದು, ಅಜ್ಜ ಅಜ್ಜಿಯರು ಪರಸ್ಪರ ಸಂಬಂಧಿಕರಾಗಿದ್ದರೇ ಎಂಬ ಪ್ರಶ್ನೆಗಳಿಗೂ ಗೃಹಸ್ಥರು ತಲೆಯಲ್ಲಾಡಿಸುತ್ತಾರೆ. ಅದೇ ಸಂಜೆ ಸಂಘದ ಸಭೆಯಲ್ಲಿ ಅವರನ್ನು "ನಿಮ್ಮವರ ಮೂಲ ಯಾವುದು?" ಎಂದು ಕೇಳಿ ನೋಡಿ: ಗೋತ್ರ, ಬಳಿ, ಮಯೂರವರ್ಮ, ಅಹಿಚ್ಛತ್ರ ಎಲ್ಲವೂ ತಡವರಿಕೆಯಿಲ್ಲದೆ ಹೊರಬರುತ್ತವೆ. ಒಂದೂವರೆ ಸಾವಿರ ವರ್ಷದ ಹಿಂದಿನ ಖಾತೆ ಚೊಕ್ಕವಾಗಿದೆ. ಐವತ್ತು ವರ್ಷದ ಹಿಂದಿನ ಪುಟ ಖಾಲಿ. ಯಾವ ಲೆಕ್ಕಪರಿಶೋಧಕನೂ ಸಹಿ ಹಾಕದ ಲೆಕ್ಕವಿದು.

ವೈದ್ಯರು ಕುತೂಹಲಕ್ಕಾಗಿ ಕೇಳುವವರಲ್ಲ. ತಂದೆಗೋ ಸೋದರನಿಗೋ 55 ವರ್ಷಕ್ಕೆ ಮೊದಲು, ತಾಯಿಗೋ ಸೋದರಿಗೋ 65 ವರ್ಷಕ್ಕೆ ಮೊದಲು ಹೃದ್ರೋಗ ಕಾಣಿಸಿಕೊಂಡಿದ್ದರೆ ರೋಗಿಯ ಅಪಾಯದ ಅಂದಾಜೇ ಬದಲಾಗುತ್ತದೆ. ಸಿಹಿಮೂತ್ರದ ವಿಷಯವೂ ಅಂತೆಯೇ. ಸೋದರಮಾವನಿಗೆ ಸೊಸೆಯನ್ನು ಕೊಡುವ ಪದ್ಧತಿ ಬಹುಕಾಲ ನಡೆದುಬಂದ ಕನ್ನಡ ನಾಡಿನವರಲ್ಲಿ ರಕ್ತಸಂಬಂಧದ ವಿವಾಹಗಳ ಮಾಹಿತಿಯೂ ವೈದ್ಯರಿಗೆ ಬೇಕಾದದ್ದೇ. ಅಂದರೆ ಮೂಲವನ್ನು ತಿಳಿಯುವುದು ಕೇವಲ ಅಭಿಮಾನದ ಮಾತಾಗಿ ಉಳಿದಿಲ್ಲ. ಆದರೆ ಯಾವ ಮೂಲ ಎಂಬುದು ಪ್ರಶ್ನೆ.

ಈ ವಿಚಿತ್ರ ಕನ್ನಡಿಗರಿಗೆ ಮಾತ್ರ ಅಂಟಿಕೊಂಡದ್ದೂ ಅಲ್ಲ. ವಲಸೆಯೆಂದೊಡನೆ ಜಗತ್ತಿಗೆ ನೆನಪಾಗುವ ಐರಿಷ್ ಜನರನ್ನೇ ನೋಡಬಹುದು. ಹನ್ನೊಂದನೆಯ ಶತಮಾನದ ವೇಳೆಗೆ ಅಲ್ಲಿಯ ಪಂಡಿತರು 'ಲೆಬರ್ ಗಬಾಲ' ಎಂಬ ಗ್ರಂಥವೊಂದನ್ನು ಸಂಕಲಿಸಿದರು. ಅದರ ಪ್ರಕಾರ ಐರ್ಲೆಂಡಿಗೆ ಒಂದರ ಹಿಂದೊಂದು ಜನಾಂಗಗಳು ಬಂದಿಳಿದವು. ಮೊದಲು ಬಂದವಳು ಬೈಬಲ್ಲಿನ ನೋಹನ ಮೊಮ್ಮಗಳು. ಕಟ್ಟಕಡೆಗೆ ಬಂದವರು ಸಿಥಿಯಾ ದೇಶದಿಂದ ಹೊರಟು, ಈಜಿಪ್ಟಿನಲ್ಲಿ ಇದ್ದು, ಸ್ಪೇನಿನ ಮಾರ್ಗವಾಗಿ ಬಂದ ಮಿಲೇಸಿಯನ್ನರು. ಐರಿಷರು ತಲೆಮಾರುಗಳ ಕಾಲ ಇದನ್ನು ಇತಿಹಾಸವೆಂದೇ ನಂಬಿದರು. ಇಂಗ್ಲಿಷರ ಆಳ್ವಿಕೆಯಲ್ಲಿ ತಲೆ ತಗ್ಗಿಸಿ ನಡೆಯಬೇಕಾದ ಜನಕ್ಕೆ ಅಂಥದೊಂದು ಗ್ರಂಥ ಬೇಕಾಗಿಯೂ ಇತ್ತು.

ವಿಜ್ಞಾನ ಹೇಳಿದ ಕಥೆ ಬೇರೆ. ಬೆಲ್‌ಫಾಸ್ಟ್ ಬಳಿ 1855ರಲ್ಲಿ ದೊರೆತಿದ್ದ ಮಹಿಳೆಯೊಬ್ಬಳ ಅಸ್ಥಿಯನ್ನೂ, ರಾತ್ಲಿನ್ ದ್ವೀಪದಲ್ಲಿ ಮದ್ಯದಂಗಡಿಯೊಂದರ ಹಿತ್ತಿಲಿನಲ್ಲಿ 2006ರಲ್ಲಿ ಸಿಕ್ಕಿದ ಮೂವರು ಪುರುಷರ ಅಸ್ಥಿಗಳನ್ನೂ ಡಬ್ಲಿನ್ ಮತ್ತು ಬೆಲ್‌ಫಾಸ್ಟ್ ನಗರಗಳ ವಿಜ್ಞಾನಿಗಳು ಪರೀಕ್ಷಿಸಿ 2015ರ ಕೊನೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು 5,200 ವರ್ಷಗಳ ಹಿಂದಿನ ಆ ಮಹಿಳೆಯ ಪೂರ್ವಜರು ಬಹುಪಾಲು ಪಶ್ಚಿಮ ಏಷ್ಯಾದಿಂದ ಹರಡಿದ ಕೃಷಿಕರು. ಸುಮಾರು 4,000 ವರ್ಷಗಳ ಹಿಂದಿನ ಆ ಪುರುಷರಲ್ಲಿ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನವರ ರಕ್ತ ಸೇರಿತ್ತು. ಮೂಲ ನಿವಾಸಿಗಳೆಂದು ಎದೆ ತಟ್ಟಿಕೊಳ್ಳುವವರೂ ಒಂದು ಕಾಲಕ್ಕೆ ದೋಣಿ ಇಳಿದವರೇ. ಇನ್ನೊಂದು ಸಂಗತಿ ಆರೋಗ್ಯಕ್ಕೆ ಸಂಬಂಧಿಸಿದ್ದು. ಆಹಾರದ ಕಬ್ಬಿಣದಂಶ ದೇಹದಲ್ಲಿ ಮಿತಿಮೀರಿ ಶೇಖರವಾಗಿ ಯಕೃತ್ತು, ಹೃದಯ, ಮೇದೋಜೀರಕಗಳನ್ನು ಕೆಡಿಸುವ ಆನುವಂಶಿಕ ದೋಷವೊಂದು ಐರಿಷರಲ್ಲಿ ಜಗತ್ತಿನಲ್ಲೇ ಹೆಚ್ಚು; ಸುಮಾರು 83 ಮಂದಿಯಲ್ಲಿ ಒಬ್ಬರು ಅದನ್ನು ತಾಯಿ ತಂದೆ ಇಬ್ಬರಿಂದಲೂ ಪಡೆದಿರುತ್ತಾರೆ. ರಾತ್ಲಿನ್ನಿನ ಅಸ್ಥಿಯೊಂದರಲ್ಲೂ ಆ ಗುರುತು ಸಿಕ್ಕಿತು. ಹೊತ್ತಿಗೆ ಸರಿಯಾಗಿ ತಿಳಿದರೆ ಕಾಲಕಾಲಕ್ಕೆ ರಕ್ತ ತೆಗೆಸಿಕೊಂಡು ಸುಖವಾಗಿರಬಹುದು. ಬಾಸ್ಟನ್ನಿನಲ್ಲೋ ಸಿಡ್ನಿಯಲ್ಲೋ ಇರುವ ಐರಿಷ್ ಮೊಮ್ಮಗನಿಗೆ ಮಿಲೇಸಿಯನ್ನರ ಕಥೆಗಿಂತ, ತನ್ನ ದೊಡ್ಡಪ್ಪನಿಗೆ ಅಂಥ ಕಾಯಿಲೆ ಇತ್ತೆಂಬ ಒಂದು ವಾಕ್ಯ ಹೆಚ್ಚು ಬೆಲೆಯುಳ್ಳದ್ದು.

ಈಗ ಕನ್ನಡಿಗರ ಗ್ರಂಥಗಳಿಗೆ ಬರೋಣ. ಕದಂಬ ವಂಶದ ಸ್ಥಾಪಕನ ಬಗ್ಗೆ ಅತಿ ಸಮೀಪದ ಸಾಕ್ಷ್ಯವೆಂದರೆ ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನ. ಅದು ಹೇಳುವ ಮೂಲ ಅತ್ಯಂತ ಸರಳ: ಮನೆಯ ಬಳಿ ಒಂದು ಕದಂಬ ವೃಕ್ಷವಿತ್ತು, ಅದರಿಂದ ಮನೆತನಕ್ಕೆ ಹೆಸರು ಬಂತು. ಮಯೂರಶರ್ಮನು ವಿದ್ಯೆಗಾಗಿ ಅಜ್ಜನೊಡನೆ ಕಂಚಿಗೆ ಹೋದನು. ಅಲ್ಲಿ ಪಲ್ಲವರ ರಾವುತನೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದನು. ಪರಸ್ಥಳಕ್ಕೆ ಓದಲು ಹೋದ ಹುಡುಗ, ಅಲ್ಲಿ ಅವಮಾನ, ಅದರಿಂದ ಹುಟ್ಟಿದ ಹಟ: ಇದಕ್ಕಿಂತ ನಂಬಲರ್ಹವಾದ ವಲಸೆಯ ಕಥೆ ಬೇರೆ ಬೇಕೆ? ಶತಮಾನಗಳು ಕಳೆದ ಮೇಲೆ ಅದೇ ವಂಶದ ಮೂಲ ಶಿವನ ಬೆವರ ಹನಿಗೆ ಏರಿತು, ಮಯೂರಶರ್ಮನು ಮಯೂರವರ್ಮನಾದನು, ದೂರದ ಅಹಿಚ್ಛತ್ರದಿಂದ, ಅಂದರೆ ಈಗಿನ ಉತ್ತರ ಪ್ರದೇಶದ ಬರೇಲಿ ಜಿಲ್ಲೆಯ ಒಂದು ಹಾಳೂರಿನಿಂದ, ಬ್ರಾಹ್ಮಣ ಕುಟುಂಬಗಳನ್ನು ಕರೆತಂದನೆಂದು ತುಳುನಾಡಿನ ಗ್ರಾಮಪದ್ಧತಿ ಮೊದಲಾದವು ಹೇಳತೊಡಗಿದವು. ಸಹ್ಯಾದ್ರಿಖಂಡವು ಸಾರಸ್ವತರನ್ನು ಪರಶುರಾಮನು ತಿರಹುತ ಸೀಮೆಯಿಂದ ಗೋವೆಗೆ ತಂದನೆಂದಿತು. ಸಮೀಪದ ದಾಖಲೆ ಮಿತಭಾಷಿ. ದೂರವಾದಷ್ಟೂ ಅಂಕಿಗಳು ಉಬ್ಬುತ್ತವೆ.

ಇಂಥ ಇನ್ನೊಂದು ಉದಾಹರಣೆ ದಹಿಸರ್ ಇರುವ ನೆಲದ್ದೇ. ಒಂಬತ್ತರಿಂದ ಹದಿಮೂರನೆಯ ಶತಮಾನದವರೆಗೆ ಠಾಣೆಯನ್ನು ಕೇಂದ್ರವಾಗಿಟ್ಟುಕೊಂಡು ಉತ್ತರ ಕೊಂಕಣವನ್ನಾಳಿದ ಶಿಲಾಹಾರರು ಮೊದಲಿಗೆ ರಾಷ್ಟ್ರಕೂಟರ ಮಾಂಡಲಿಕರು. 1060ರ ಅಂಬರನಾಥ ದೇವಾಲಯ ಇವರ ಕಾಲದ್ದು. ಇವರ ಸಂಸ್ಕೃತ ಶಾಸನಗಳ ನಡುವೆ ಕನ್ನಡದ ಬಿರುದುಗಳು ಇಣುಕುತ್ತವೆ. ಆದ್ದರಿಂದ ಇವರ ಮನೆಮಾತು ಕನ್ನಡವೇ ಇದ್ದೀತೆಂದು ವಿದ್ವಾಂಸರು ಊಹಿಸಿದ್ದಾರೆ. ಗರುಡನಿಗೆ ಆಹಾರವಾಗಲು ಬಂಡೆಯ ಮೇಲೆ ಮಲಗಿದ ವಿದ್ಯಾಧರ ಜೀಮೂತವಾಹನನ ಸಂತತಿ ತಾವೆಂದು ಇವರೂ ಹೇಳಿಕೊಂಡರು. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಬಿರುದನ್ನು ತಲೆಮಾರುಗಳ ತನಕ ಬಿಡದೆ ಕೆತ್ತಿಸಿದರು: ತಗರಪುರದ ಒಡೆಯರು. ತಗರವೆಂದರೆ ಈಗಿನ ಧಾರಾಶಿವ ಜಿಲ್ಲೆಯ ತೇರ್ ಎಂಬ ಊರು. ಸಮುದ್ರತೀರದಲ್ಲಿ ಕುಳಿತು ಆಳಿದವರು ಘಟ್ಟದ ಮೇಲಿನ ಊರಿನ ಹೆಸರನ್ನು ಮರೆಯಲಿಲ್ಲ. ವಿದ್ಯಾಧರರ ಕಥೆಯನ್ನು ಇಂದು ಯಾರೂ ನಂಬುವುದಿಲ್ಲ. ತಗರವೆಂಬ ಒಂದು ಊರಹೆಸರನ್ನು ಹಿಡಿದು ಸಂಶೋಧಕರು ಅವರ ಹಾದಿಯನ್ನು ಹುಡುಕಿದರು.

ಪುರಾಣಗಳನ್ನು ಅಪಹಾಸ್ಯ ಮಾಡುವುದು ತರವಲ್ಲ. ಹೊಸ ನೆಲದಲ್ಲಿ ಕಾಲೂರುವವನಿಗೆ ವಂಶದ ಹಿರಿಮೆಯೆಂಬುದು ಸಾಲಕ್ಕೆ ಕೊಡುವ ಜಾಮೀನಿನಂತೆ. ಅದಿಲ್ಲದೆ ಯಾರೂ ಬಾಗಿಲು ತೆರೆಯದ ಕಾಲವೊಂದಿತ್ತು. ತೊಂದರೆ ಇರುವುದು ಜಾಮೀನನ್ನೇ ಜಮೆಯೆಂದು ತಿಳಿಯುವುದರಲ್ಲಿ. ಹೈದರಾಬಾದಿನ ಜೀವವಿಜ್ಞಾನ ಕೇಂದ್ರದವರು ಅಮೆರಿಕದ ವಿಜ್ಞಾನಿಗಳೊಡನೆ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಭಾರತದ ಬಹುತೇಕ ಸಮುದಾಯಗಳು ಎರಡು ಪ್ರಾಚೀನ ಜನಸಮೂಹಗಳ ಬೆರಕೆ; ಪ್ರಮಾಣದಲ್ಲಿ ಮಾತ್ರ ಹೆಚ್ಚು ಕಡಿಮೆ. ಆ ಬೆರಕೆ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ನಡೆದು, ತರುವಾಯ ಜಾತಿಯೊಳಗೇ ವಿವಾಹವೆಂಬ ಕಟ್ಟು ಬಿಗಿಯಾಯಿತೆಂದು 2013ರಲ್ಲಿ ತಿಳಿದುಬಂತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಕನ್ನಡ ಕೊಂಕಣಿ ಮಾತಾಡುವ ಸಿದ್ದಿಗಳು ಆಫ್ರಿಕದ ಬಂಟು ಜನರ ಸಂತತಿಯೆಂಬುದನ್ನು 2011ರ ಪರೀಕ್ಷೆ ದೃಢಪಡಿಸಿತು. ಕನ್ನಡಿಗರಲ್ಲಿ ಅವರೂ ಕನ್ನಡಿಗರೇ. ಆರ್ಯ ವೈಶ್ಯ ಸಮುದಾಯದ ಕೆಲವರಲ್ಲಿ, ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯುಗಳನ್ನು ಸಡಿಲಿಸಲು ಕೊಡುವ ಒಂದು ಔಷಧವನ್ನು ಕರಗಿಸಿಕೊಳ್ಳುವ ಶಕ್ತಿ ಹುಟ್ಟಿನಿಂದಲೇ ಕಡಿಮೆ. ಅರಿವಳಿಕೆ ವೈದ್ಯರಿಗೆ ಇದು ಮೊದಲೇ ತಿಳಿದಿದ್ದರೆ ಪ್ರಾಣಾಪಾಯ ತಪ್ಪುತ್ತದೆ. ಶುದ್ಧಿಯ ಹೆಮ್ಮೆಗೆ ವಿಜ್ಞಾನದಲ್ಲಿ ಆಧಾರ ಸಿಗದು. ಉಪಯೋಗಕ್ಕೆ ಬರುವ ಸಣ್ಣ ಸಂಗತಿಗಳು ಸಿಗುತ್ತವೆ, ಮನೆಯವರು ಅವನ್ನು ಬರೆದಿಟ್ಟಿದ್ದರೆ.

ಹಾಗಾದರೆ ಮುಂಬಯಿ ಕನ್ನಡಿಗರ ನಿಜವಾದ ಆಗಮನದ ಕಥೆ ಯಾವುದು? ಅದು ಒಂದೇ ಕಥೆಯಲ್ಲ. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಲಾಯಿತು. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವನಿಗೆ ಪದವಿ ಬರುತ್ತಿದ್ದುದು ಮುಂಬಯಿ ವಿಶ್ವವಿದ್ಯಾಲಯದಿಂದ. ಆದ್ದರಿಂದ 1956ರ ನವೆಂಬರ್ 1ಕ್ಕೆ ಮೊದಲು ಧಾರವಾಡದಿಂದ ಸಚಿವಾಲಯದ ಗುಮಾಸ್ತಗಿರಿಗೆ ಬಂದವನು ಪರದೇಶಕ್ಕೆ ಬಂದವನಲ್ಲ. ತನ್ನ ಪ್ರಾಂತದ ರಾಜಧಾನಿಗೆ ಬಂದವನು. ಅವನು ಇದ್ದಲ್ಲೇ ಇದ್ದ; ಗಡಿಯೇ ಅವನನ್ನು ದಾಟಿ ಹೋಯಿತು. ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷವೆಂದು 2011ರ ಜನಗಣತಿ ಎಣಿಸಿದೆ. ಆ ಸಂಖ್ಯೆಯಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ರೈತರೂ ಸೇರಿದ್ದಾರೆ; ಅವರು ಎಲ್ಲಿಂದಲೂ ಬಂದವರಲ್ಲ. ಮುಂಬಯಿಯ ಸಂಘಗಳಲ್ಲಿ ಕನ್ನಡಕ್ಕಾಗಿ ದುಡಿಯುವ ಎಷ್ಟೋ ಮಂದಿ ಮನೆಯಲ್ಲಿ ತುಳು ಅಥವಾ ಕೊಂಕಣಿ ಆಡುವುದರಿಂದ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಅಂಕಿ ಅಂಶಗಳನ್ನು ಓದುವಾಗ ಇಷ್ಟು ಎಚ್ಚರ ಅಗತ್ಯ.

ಕರಾವಳಿಯವರ ಹಾದಿ ಬೇರೆ. ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಮಂಗಳೂರಿಗೆ 1907ರಲ್ಲಿ ರೈಲು ಬಂದುದೂ ಮದರಾಸಿನ ಕಡೆಯಿಂದಲೇ. ಮುಂಬಯಿಗೆ ನೇರ ದಾರಿಯೆಂದರೆ ಸಮುದ್ರ. ಬಂದರಿನಿಂದ ಆವಿ ಹಡಗಿನ ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು, ಮಳೆಗಾಲದಲ್ಲಿ ಹಡಗು ನಿಂತಾಗ ಘಟ್ಟ ಹತ್ತಿ ಬಸ್ಸು ರೈಲುಗಳನ್ನು ಬದಲಿಸುತ್ತ ಬಂದ ಹುಡುಗರ ವಯಸ್ಸು ಹನ್ನೆರಡು, ಹದಿನಾಲ್ಕು. ಊರವರೊಬ್ಬರ ಕೈಹಿಡಿದು ಬಂದು ಹೋಟೆಲಿನ ಮೋರಿಯ ಬಳಿ ಕಪ್ಪು ಬಸಿ ತೊಳೆದು, ಮೇಜು ಒರೆಸಿ, ಸಪ್ಲೈಯರನಾಗಿ, ಗಲ್ಲಾದವರೆಗೆ ಏರಿದವರು ಕೆಲವರು. ಮೋರಿಯಲ್ಲೇ ಉಳಿದವರು ಅನೇಕರು. ಸ್ಮರಣ ಸಂಚಿಕೆಗಳಲ್ಲಿ ಭಾವಚಿತ್ರ ಬರುವುದು ಮೊದಲನೆಯವರದು. ಮಾಟುಂಗಾದಲ್ಲಿ 1942ರಲ್ಲಿ ಎ. ರಾಮ ನಾಯಕರು ತೆರೆದ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಬಾಳೆಯೆಲೆಯ ಊಟ ಬಡಿಸುತ್ತಿದೆ. ದಿನವಿಡೀ ದುಡಿದ ಹುಡುಗರು ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಮೆಟ್ರಿಕ್ ಮುಗಿಸಿ ಬ್ಯಾಂಕು, ಕಚೇರಿ, ನ್ಯಾಯಾಲಯ ಸೇರಿದ್ದು ಮುಂಬಯಿ ಕನ್ನಡಿಗರ ಚರಿತ್ರೆಯಲ್ಲಿ ಬಹುಶಃ ಅತಿ ದೊಡ್ಡ ಸಾಹಸ. ಅದರ ಮುಂದೆ ಮಯೂರವರ್ಮನ ರಥಯಾತ್ರೆ ಸಪ್ಪೆಯಾಗಿ ಕಾಣುತ್ತದೆ.

ಮಂಗಳೂರಿನಲ್ಲಿ 1930ರಲ್ಲಿ ಹುಟ್ಟಿ 1949ರಲ್ಲಿ ಬರಿಗೈಯಲ್ಲಿ ಮುಂಬಯಿಗೆ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಯಾಗಿದ್ದಾಗಲೇ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. 1998ರ ಜನವರಿ 26ರಂದು ಆ ಮಾರ್ಗ ಪೂರ್ಣವಾಗಿ ತೆರೆಯಿತು. ಇಂದು ಸಂಜೆ ಹತ್ತಿ ಬೆಳಗಾಗುವ ಹೊತ್ತಿಗೆ ಕರಾವಳಿ ಸೇರುವ ತರುಣನಿಗೆ, ಡೆಕ್ಕಿನ ಮೇಲೆ ವಾಂತಿ ಮಾಡುತ್ತ ಬಂದ ಅಜ್ಜನ ಪ್ರಯಾಣ ಕಲ್ಪನೆಗೂ ನಿಲುಕದು.

ಮೂರನೆಯ ಹಾದಿಯ ಬಗ್ಗೆ ಸಂಘಗಳು ಸಾಮಾನ್ಯವಾಗಿ ಮೌನ. ಕಲಬುರಗಿ, ವಿಜಾಪುರ, ರಾಯಚೂರು ಕಡೆಯಿಂದ ಬರ ಬಿದ್ದಾಗಲೆಲ್ಲ ಗುಂಪಾಗಿ ಬಂದು ಮುಂಬಯಿಯ ಕಟ್ಟಡಗಳಿಗೆ ಜಲ್ಲಿ, ಇಟ್ಟಿಗೆ ಹೊತ್ತವರು ಕನ್ನಡಿಗರೇ. ಉಪನಗರಗಳ ನಾಕೆಗಳಲ್ಲಿ ಬೆಳಗ್ಗೆ ಬುತ್ತಿ ಹಿಡಿದು ಕೂಲಿಗಾಗಿ ಕಾಯುವವರಲ್ಲಿ ಅವರ ಮಾತು ಕೇಳಿಬರುತ್ತದೆ. ಅವರ ಬಳಿ ಅಹಿಚ್ಛತ್ರವೂ ಇಲ್ಲ, ಸ್ಮರಣ ಸಂಚಿಕೆಯೂ ಇಲ್ಲ. ಬರವೆಂದಾಗ ಐರಿಷರ ನೆನಪು ಮತ್ತೆ ಬರುತ್ತದೆ: 1845ರಿಂದ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು, 1841ರಲ್ಲಿ 80 ಲಕ್ಷ ಮೀರಿದ್ದ ಜನಸಂಖ್ಯೆ ಹತ್ತು ವರ್ಷಕ್ಕೆ 65 ಲಕ್ಷಕ್ಕೆ ಬಂತು. ಆ ಬರಕ್ಕೆ ಜಗತ್ತಿನ ನಾನಾ ನಗರಗಳಲ್ಲಿ ಸ್ಮಾರಕಗಳಿವೆ. 1876–78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ 1871ರಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷಕ್ಕೆ ಇಳಿದಿತ್ತು. ಆ ಎಂಟು ಲಕ್ಷದ ಬಗ್ಗೆ ಕನ್ನಡ ಮನೆಗಳಲ್ಲಿ ಒಂದು ಮಾತೂ ಉಳಿದಿಲ್ಲ.

ದಹಿಸರ್ ಈ ಎಲ್ಲ ಹಾದಿಗಳ ಎರಡನೆಯ ನಿಲ್ದಾಣ. ಊರಿನಿಂದ ನೇರವಾಗಿ ಇಲ್ಲಿಗೆ ಬಂದವರು ಕಡಿಮೆ. ಫೋರ್ಟಿನ ಹೋಟೆಲಿನ ಮಾಳಿಗೆ, ಗಿರಗಾಂವ್ ಪರೇಲಿನ ಚಾಳಿನ ಕೋಣೆ, ಆಮೇಲೆ ಅಂಧೇರಿ, ಮಲಾಡ್; ಮಕ್ಕಳು ಬೆಳೆದು ಕೋಣೆ ಸಾಲದಾದಾಗ ಪಗಡಿಯ ಹಣ ಪಡೆದು ಇನ್ನೂ ಉತ್ತರಕ್ಕೆ. ಮಹಾನಗರದ ಗಡಿ ದಹಿಸರ್‌ವರೆಗೆ ವಿಸ್ತರಿಸಿದ್ದು 1957ರಲ್ಲಿ. ಅದಕ್ಕೆ ಮೊದಲು ಇದು ತುಳಸಿ ಕೆರೆಯ ಕಡೆಯಿಂದ ಇಳಿದುಬರುವ ನದಿಯ ದಂಡೆಯ ಹಳ್ಳಿ. ಇಲ್ಲಿಯ ಹಳೆಯ ಗಾವಠಾಣಗಳಲ್ಲಿ ಕೋಳಿ ಮುಂತಾದವರ ಜೊತೆಗೆ ಕ್ರೈಸ್ತ ಈಸ್ಟ್ ಇಂಡಿಯನ್ನರೂ ಇದ್ದಾರೆ. ಪಶ್ಚಿಮ ತೀರದವರಿಗೆ ಪೂರ್ವದ ಹೆಸರೇಕೆ ಎಂದು ಹೊಸಬರು ಬೆರಗಾಗುತ್ತಾರೆ. ಗೋವೆಯಿಂದಲೂ ಮಂಗಳೂರಿನಿಂದಲೂ ಬಂದ ಕ್ರೈಸ್ತರು ನೌಕರಿಗಳಿಗೆ ಸ್ಪರ್ಧಿಸತೊಡಗಿದಾಗ, ತಾವು ಅವರಿಂದ ಬೇರೆಯೆಂದು ತೋರಿಸಲು ಸ್ಥಳೀಯರು 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ವರ್ಷ, ಈಸ್ಟ್ ಇಂಡಿಯಾ ಕಂಪನಿಯ ನೆನಪಿನ ಆ ಹೆಸರನ್ನು ಧರಿಸಿದರು. ಮೂಲನಿವಾಸಿಗಳಿಗೆ ಹೆಸರು ಬರಲು ವಲಸಿಗರು ಕಾರಣರಾದ ಈ ಪ್ರಸಂಗದಲ್ಲಿ ಕನ್ನಡ ಕರಾವಳಿಯ ಪಾಲೂ ಇದೆ.

ದಹಿಸರಿನ ಜಕಾತಿ ನಾಕೆಯನ್ನೂ ಇಲ್ಲಿ ನೆನೆಯಬೇಕು. 2017ರಲ್ಲಿ ಜಕಾತಿ ರದ್ದಾಗುವವರೆಗೆ ಮಹಾನಗರಕ್ಕೆ ಬರುವ ಪ್ರತಿ ಲಾರಿಯ ಸರಕಿನ ತೂಕ, ಬೆಲೆ, ಹೊರಟ ಸ್ಥಳ ಅಲ್ಲಿ ದಾಖಲಾಗುತ್ತಿತ್ತು. ತೆಂಗಿನಕಾಯಿಗೂ ಒಣಮೆಣಸಿಗೂ ರಸೀದಿ ಇತ್ತು. ಅದೇ ನಗರಕ್ಕೆ ಬಂದ ಮನುಷ್ಯರಿಗೆ ಯಾವ ರಸೀದಿಯೂ ಇರಲಿಲ್ಲ.

ದಾಖಲೆಯಿಲ್ಲದ ಮನುಷ್ಯನ ಪಾಡನ್ನು 2020ರ ಮೇ ತಿಂಗಳು ತೋರಿಸಿಕೊಟ್ಟಿತು. ಸೋಂಕಿನ ಭಯದಲ್ಲಿ ಹೋಟೆಲುಗಳು ಮುಚ್ಚಿ, ಊರೇ ಗತಿಯೆಂದು ಹೊರಟ ಕನ್ನಡಿಗರಿಗೆ ಮಹಾರಾಷ್ಟ್ರದಿಂದ ಬರುವವರಿಗೆ ಪ್ರವೇಶವಿಲ್ಲವೆಂಬ ಆಜ್ಞೆ ಎದುರಾಯಿತು. ರೋಗವನ್ನು ತಡೆಯುವ ಕ್ರಮಕ್ಕೆ ಕಾರಣವಿತ್ತು, ಒಪ್ಪೋಣ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿ ಜನ ಊರುಗಳಿಗೆ ಓಡಿದ ಮೇಲೆ ಎರಡೇ ವರ್ಷದಲ್ಲಿ ಅದು ಹುಬ್ಬಳ್ಳಿ, ಬೆಂಗಳೂರುಗಳನ್ನು ಮುಟ್ಟಿದ್ದನ್ನು ಬಲ್ಲವರು ಅದನ್ನು ದೂರಲಾರರು. ಆದರೆ ಆ ದಿನಗಳಲ್ಲಿ ತಮ್ಮ ಊರಿನಲ್ಲೇ 'ಮುಂಬಯಿಯವರು' ಎನಿಸಿಕೊಂಡವರ ಮನಸ್ಸಿನ ಗಾಯ ಬೇಗ ಮಾಯುವಂಥದಲ್ಲ. 1966ರ ತರುವಾಯದ ವರ್ಷಗಳಲ್ಲಿ ಇದೇ ಜನ ಮುಂಬಯಿಯಲ್ಲಿ 'ಮದ್ರಾಸಿ'ಗಳೆನಿಸಿ ಹೋಟೆಲಿನ ಗಾಜು ಒಡೆಸಿಕೊಂಡವರು. ಬ್ಯಾಂಕಿನ ಅರ್ಜಿಯಲ್ಲಿ 'ಖಾಯಂ ವಿಳಾಸ' ಎಂಬ ಒಂದು ಅಂಕಣವಿರುತ್ತದೆ. ಎಂದೋ ಪಾಲಾಗಿ ಬಾಗಿಲು ಹಾಕಿದ ಮನೆಯ ವಿಳಾಸವನ್ನು ಅಲ್ಲಿ ಬರೆಯುವ ಹಿರಿಯರು ಇಂದಿಗೂ ಇದ್ದಾರೆ. ಅವರ ಮಕ್ಕಳು ದಹಿಸರ್ ಎಂದು ಬರೆಯುತ್ತಾರೆ, ಮೊಮ್ಮಕ್ಕಳು ಟೊರಾಂಟೋದಿಂದ ವಿಳಾಸ ಕೇಳಿ ಬರೆಯುತ್ತಾರೆ.

ಹನೇಹಳ್ಳಿಯಿಂದ ಬಂದು ಬದುಕಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದ ಯಶವಂತ ಚಿತ್ತಾಲರು ಕೊನೆಯವರೆಗೂ ತಮ್ಮ ಬರಹದಲ್ಲಿ ಹನೇಹಳ್ಳಿಯನ್ನು ಬಿಡಲಿಲ್ಲ. ಆದ್ದರಿಂದ ಆ ಪುಟ್ಟ ಊರಿನ ಹೆಸರು ಕನ್ನಡ ಓದುವವರಿಗೆಲ್ಲ ಗೊತ್ತು. ಎಲ್ಲರೂ ಚಿತ್ತಾಲರಾಗಬೇಕಿಲ್ಲ. ಆದರೆ ಪ್ರತಿ ಮನೆಯ ಕಪಾಟಿನಲ್ಲಿ ಆಧಾರಗಳು ಬಿದ್ದಿವೆ: ಮನಿಯಾರ್ಡರಿನ ಕೂಪನ್ನುಗಳು, ಹಳೆಯ ರೇಷನ್ ಕಾರ್ಡು, ರಾತ್ರಿಶಾಲೆಯ ಪ್ರಗತಿಪತ್ರ, ಬ್ಯಾಂಕಿನ ಪಾಸ್‌ಬುಕ್ಕು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ವಿಜಯಾ ಬ್ಯಾಂಕು 2019ರಲ್ಲಿ, ಕಾರ್ಪೊರೇಷನ್ ಬ್ಯಾಂಕು 2020ರಲ್ಲಿ ಬೇರೆ ಹೆಸರುಗಳೊಳಗೆ ಸೇರಿಹೋದವು. ಊರಿನವರನ್ನು ಹಿಂಬಾಲಿಸಿ ಮುಂಬಯಿಗೆ ಬಂದ ಬ್ಯಾಂಕುಗಳ ಹೆಸರುಗಳೇ ಅಳಿದಿರುವಾಗ, ಅವುಗಳ ಪಾಸ್‌ಬುಕ್ಕುಗಳನ್ನು ರದ್ದಿಯವನಿಗೆ ಕೊಡುವ ಮುನ್ನ ತೆರೆದು ನೋಡುವುದು ಒಳಿತು. ಪ್ರತಿ ತಿಂಗಳು ಊರಿಗೆ ಹೋದ ಮೊತ್ತ, ಒಂದು ತಿಂಗಳು ಹೋಗದೆ ಉಳಿದದ್ದು, ಹಠಾತ್ತಾಗಿ ತೆಗೆದ ದೊಡ್ಡ ಹಣ: ಒಂದು ಮನೆಯ ಮದುವೆ, ಕಾಯಿಲೆ, ಸಾವು ಅಲ್ಲಿ ತಾರೀಖು ಸಹಿತ ಕುಳಿತಿವೆ.

ಬರೆದಿಡದಿದ್ದರೆ ಏನಾಗುತ್ತದೆಂಬುದಕ್ಕೆ ಐರಿಷರದೇ ಇನ್ನೊಂದು ನಿದರ್ಶನವಿದೆ. 1922ರ ಅಂತಃಕಲಹದಲ್ಲಿ ಡಬ್ಲಿನ್ನಿನ ದಾಖಲಾತಿ ಭಂಡಾರ ಸುಟ್ಟು, ಹಳೆಯ ಜನಗಣತಿಯ ಪುಸ್ತಕಗಳ ಬಹುಭಾಗ ಬೂದಿಯಾಯಿತು. ಅಂದಿನಿಂದ ಅಲ್ಲಿಯವರು ಇಗರ್ಜಿಯ ಪುಸ್ತಕ, ಹಡಗಿನ ಪಟ್ಟಿಗಳನ್ನು ಕಣ್ಣಿಗೊತ್ತಿಕೊಂಡು ಕಾಯುತ್ತಾರೆ. ಇಷ್ಟಿದ್ದೂ ಎಡವಿದರು. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರವನ್ನು 1892ರ ಜನವರಿ 1ರಂದು ಮೊತ್ತಮೊದಲು ದಾಟಿದವಳು ಕಾರ್ಕ್ ಪ್ರಾಂತದ ಆನಿ ಮೂರ್ ಎಂಬ ಹುಡುಗಿ. ಜೊತೆಗೆ ಇಬ್ಬರು ತಮ್ಮಂದಿರು. ಅವಳಿಗೆ ಹತ್ತು ಡಾಲರಿನ ಚಿನ್ನದ ನಾಣ್ಯ ಕೊಟ್ಟರು, ಪತ್ರಿಕೆಗಳು ಹೆಸರು ಅಚ್ಚುಮಾಡಿದವು. ಮುಂದೆ ಅದೇ ಹೆಸರಿನ ಟೆಕ್ಸಾಸಿನ ಬೇರೊಬ್ಬ ಮಹಿಳೆಯನ್ನೇ ಅವಳೆಂದು ನಂಬಿ ದಶಕಗಳ ಕಾಲ ಗೌರವಿಸಲಾಯಿತು. ವಂಶಾವಳಿ ಸಂಶೋಧಕಿಯೊಬ್ಬರು 2006ರಲ್ಲಿ ತಪ್ಪನ್ನು ಹಿಡಿದರು: ನಿಜವಾದ ಆನಿ ಮೂರ್ ನ್ಯೂಯಾರ್ಕಿನ ಬಡ ಕೇರಿಯಲ್ಲೇ ಬಾಳಿ, ಹಲವು ಮಕ್ಕಳನ್ನು ಹೆತ್ತು, 1924ರಲ್ಲಿ ಸತ್ತು, ಹೆಸರಿನ ಕಲ್ಲೂ ಇಲ್ಲದ ಗೋರಿಯಲ್ಲಿದ್ದಳು. ನೋಂದಣಿ ಪುಸ್ತಕದ ಮೊದಲನೆಯ ಸಾಲಿನಲ್ಲಿದ್ದವಳ ಗತಿಯೇ ಇದಾದರೆ, ಶೆಟ್ಟಿ, ಪೂಜಾರಿ, ರಾವ್, ಪಾಟೀಲ ಎಂಬ ಹೆಸರಿನ ಸಾವಿರಾರು ಮಂದಿಯೊಳಗೆ ಒಬ್ಬ ಅಜ್ಜನನ್ನು ಮೊಮ್ಮಕ್ಕಳು ಹೇಗೆ ಗುರುತಿಸಿಯಾರು?

ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಮಕ್ಕಳಿಲ್ಲದೆ ಬಡವಾಗುತ್ತಿರುವ ಮುಂಬಯಿಯಲ್ಲಿ, ಅಜ್ಜನ ಮಾತನ್ನು ಅಜ್ಜನ ಭಾಷೆಯಲ್ಲೇ ಕೇಳಿ ಬರೆದುಕೊಳ್ಳಬಲ್ಲ ಪೀಳಿಗೆ ಈಗ ನಡುವಯಸ್ಸಿನಲ್ಲಿದೆ. 1950ರ ದಶಕದಲ್ಲಿ ಹಡಗಿನಲ್ಲಿ ಬಂದ ಹುಡುಗರು ಇಂದು ಎಂಬತ್ತು ದಾಟಿದ್ದಾರೆ. ಕೇಳುವವರಿಗೂ ಹೇಳುವವರಿಗೂ ಉಳಿದಿರುವ ಅವಧಿ ಬಹಳವಿಲ್ಲ. ಸಂಘಗಳು ಈ ಕೆಲಸವನ್ನು ವಿಶ್ವವಿದ್ಯಾಲಯಕ್ಕೆ ಬಿಟ್ಟು ಕಾಯಬಾರದು. ವಾರ್ಷಿಕೋತ್ಸವಕ್ಕೆ ಬರುವ ಹಿರಿಯರಿಗೆ ಶಾಲು ಹೊದಿಸುವ ಮುನ್ನ ಅರ್ಧ ಗಂಟೆ ಕೂರಿಸಿ ಕೇಳಬೇಕಾದ ಪ್ರಶ್ನೆಗಳು ಕಠಿಣವಾದವೇನಲ್ಲ. ಯಾವ ಗ್ರಾಮ, ಯಾವ ವರ್ಷ, ಯಾರ ಕೈಹಿಡಿದು, ಯಾವ ದಾರಿಯಲ್ಲಿ ಬಂದಿರಿ? ಮೊದಲ ರಾತ್ರಿ ಎಲ್ಲಿ ಮಲಗಿದಿರಿ? ಮೊದಲ ಸಂಬಳವೆಷ್ಟು, ಅದರಲ್ಲಿ ಊರಿಗೆ ಎಷ್ಟು ಹೋಯಿತು? ತಾಯಿಯ ತವರು ಯಾವುದು? ತಂದೆ ತಾಯಿ, ಅಜ್ಜ ಅಜ್ಜಿ ಯಾವ ವಯಸ್ಸಿನಲ್ಲಿ, ಯಾವ ಕಾಯಿಲೆಯಿಂದ ತೀರಿಕೊಂಡರು? ಕೊನೆಯದಕ್ಕೆ ಹಲವರು ತಡವರಿಸಿಯಾರು. ಕ್ಷಯವನ್ನೂ ಮಾನಸಿಕ ಕಾಯಿಲೆಯನ್ನೂ 'ಜ್ವರ'ವೆಂದು ಮುಚ್ಚಿಟ್ಟ ಮನೆಗಳು ಎಷ್ಟೋ. ಅಂಥವನ್ನು ಅಚ್ಚು ಮಾಡುವುದು ಬೇಡ. ಒಂದು ಹಾಳೆಯಲ್ಲಿ ಬರೆದು ಮಕ್ಕಳ ಕೈಗೆ ಕೊಟ್ಟರಾಯಿತು, ಮುಂದೊಮ್ಮೆ ವೈದ್ಯರ ಮೇಜಿನ ಮೇಲೆ ಇಡಲು. ಉಳಿದ ಉತ್ತರಗಳನ್ನು ಸ್ಮರಣ ಸಂಚಿಕೆಯಲ್ಲೇ ಪ್ರಕಟಿಸಬಹುದು. ನಾಕೆಯಲ್ಲಿ ನಿಲ್ಲುವ ಕಲಬುರಗಿಯವರನ್ನೂ ಒಳಗೆ ಕರೆದು ಕೇಳಬೇಕು. ಅವರು ವರ್ಗಣಿ ಕೊಟ್ಟಿಲ್ಲವೆಂಬ ಆಕ್ಷೇಪ ಬಂದರೆ ಪದಾಧಿಕಾರಿಗಳು ಅದನ್ನು ಈ ಒಂದು ವಿಷಯಕ್ಕೆ ಬದಿಗಿಡಲಿ. ವರ್ಷಕ್ಕೆ ಹತ್ತು ಪುಟ ಸಾಕು. ಶುಭಾಶಯದ ಜಾಹೀರಾತುಗಳ ನಡುವೆ ಅಷ್ಟು ಜಾಗ ದೊರೆಯದೆ ಇರದು.